ಅಪಘಾತದ ಕಾಗದದಲ್ಲಿ ಮೊಬೈಲ್ ಯಾಕೆ ಕಾಣೋದಿಲ್ಲ?

ಅವರ್ಸಾದಲ್ಲಿ ಹೆದ್ದಾರಿ ದಾಟುವಾಗ ನನಗೊಂದು ಅಭ್ಯಾಸ. ಬರುವ ಗಾಡಿಯನ್ನಲ್ಲ, ಡ್ರೈವರನ ಗದ್ದ ನೋಡ್ತೇನೆ. ಗದ್ದ ಎದೆಗೆ ಬಾಗಿದ್ದರೆ ಅವನ ಕಣ್ಣು ತೊಡೆ ಮೇಲಿನ ಮೊಬೈಲಿನಲ್ಲಿದೆ ಅಂತ ಅರ್ಥ. ಆಗ ಎರಡು ಹೆಜ್ಜೆ ಹಿಂದೆ ಸರಿದು ನಿಲ್ತೇನೆ. ಕಾರವಾರ–ಅಂಕೋಲಾ ನಡುವಿನ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥ ಆದಮೇಲೆ ಈ ಲೆಕ್ಕಾಚಾರ ಇನ್ನೂ ಜಾಸ್ತಿ ಆಗಿದೆ.

ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡ್ತದೆ. ಒಂದು ವಾಟ್ಸ್‌ಆ್ಯಪ್ ಮೆಸೇಜ್ ಓದಲು ನಾಲ್ಕು ಸೆಕೆಂಡ್ ಹಿಡಿಯಿರಿ. ಸುಮಾರು 90 ಮೀಟರ್ ಆಯ್ತು, ಅಂದ್ರೆ ಉದ್ದಕ್ಕೆ ಜೋಡಿಸಿಟ್ಟ ಏಳು ಕಬಡ್ಡಿ ಅಂಕಣ. ಅಷ್ಟು ದೂರ ಗಾಡಿ ಓಡಿದ್ದು ಕುರುಡಾಗಿ.

'ನಾನು ಬ್ಲೂಟೂತಲ್ಲಿ ಮಾತಾಡ್ತೇನೆ, ಕೈ ಸ್ಟೇರಿಂಗ್ ಮೇಲೇ ಇರ್ತದೆ' ಅನ್ನುವವರಿದ್ದಾರೆ. 1997ರಲ್ಲೇ ಕೆನಡಾದ ರೆಡೆಲ್ಮಿಯರ್ ಮತ್ತು ಟಿಬ್ಶಿರಾನಿ, ಫೋನಿನಲ್ಲಿ ಮಾತಾಡುತ್ತಾ ಓಡಿಸಿದರೆ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು ಎಂದು ತೋರಿಸಿದ್ದರು. ಫೋನನ್ನು ಕೈಯಲ್ಲಿ ಹಿಡಿಯದಿದ್ದರೂ ಅಪಾಯ ಇಳಿದದ್ದು ಅವರಿಗೆ ಕಾಣಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ 2006ರಲ್ಲಿ ಇಂಥ ಡ್ರೈವರುಗಳನ್ನು ಕುಡಿದವರ ಪಕ್ಕ ಇಟ್ಟು ಅಳೆಯಿತು. ಆ ಕುಡಿದವರ ರಕ್ತದಲ್ಲಿದ್ದ ಮದ್ಯದ ಪ್ರಮಾಣ ನಮ್ಮ ಕಾನೂನಿನ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು. ಫೋನಿನವರು ಅವರಿಗಿಂತ ಮೇಲೇನೂ ಇರಲಿಲ್ಲ. ತೊಂದರೆ ಕೈಯದ್ದಲ್ಲ, ಗಮನದ್ದು. ಎದುರಿಗೆ ಸೈಕಲ್ ಇರ್ತದೆ, ಕಣ್ಣೂ ಅದರ ಮೇಲೇ ಇರ್ತದೆ, ಆದರೆ ಮಿದುಳಿಗೆ ಅದು ಮುಟ್ಟೋದಿಲ್ಲ.

ನಮ್ಮ ಕಾನೂನು ಇನ್ನೂ ಕೈಯಲ್ಲೇ ನಿಂತಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಕಲಂ 184, ಕೈಯಲ್ಲಿ ಹಿಡಿಯುವ ಫೋನ್ ಬಳಸಿ ಓಡಿಸುವುದನ್ನು ಅಪಾಯಕಾರಿ ಚಾಲನೆ ಎನ್ನುತ್ತದೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ ದಾರಿ ನೋಡೋದಕ್ಕೆ ಮಾತ್ರ ಫೋನ್ ಬಳಸಬಹುದು, ಅದೂ ಏಕಾಗ್ರತೆ ಕೆಡದಂತೆ ಎಂದಿತು. ಬ್ಲೂಟೂತಿನ ಮಾತು ಹಾಗೇ ನುಣುಚಿಕೊಂಡಿತು.

ನನ್ನ ನಿಜವಾದ ತಕರಾರು ಲೆಕ್ಕದ್ದು. ಕೇಂದ್ರ ಸರ್ಕಾರದ ಅಂಕಿಅಂಶದಂತೆ 2021ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972. ಅದರಲ್ಲಿ ಮೊಬೈಲ್ ಬಳಕೆಯ ಖಾತೆಗೆ ಹೋದದ್ದು 1,040 ಸಾವು, ನೂರಕ್ಕೆ ಒಂದೂ ಇಲ್ಲ. ಹತ್ತರಲ್ಲಿ ಸುಮಾರು ಏಳು ಸಾವು ಅತಿವೇಗದ ಖಾತೆಗೆ. ಇದನ್ನು ನಂಬ್ತೀರಾ? ನಾನು ನಂಬೋದಿಲ್ಲ. ನಮ್ಮ ಜಿಲ್ಲೆಯ ಅಪಘಾತದ ಸುದ್ದಿ ಓದಿ ನೋಡಿ, 'ಅತಿವೇಗ ಹಾಗೂ ನಿಷ್ಕಾಳಜಿತನದಿಂದ' ಎಂಬ ಒಂದೇ ಸಾಲು ಎಲ್ಲ ಕಡೆ. ಆ ನಿಷ್ಕಾಳಜಿ ಅಂದ್ರೆ ಏನು ಅಂತ ಯಾರೂ ಬಿಡಿಸಿ ಬರೆಯೋದಿಲ್ಲ. ಪೊಲೀಸರು ಬರುವಷ್ಟರಲ್ಲಿ ಮೊಬೈಲ್ ಕಿಸೆ ಸೇರಿರ್ತದೆ. ಕರೆಯ ದಾಖಲೆ ತರಿಸಿ ಅಪಘಾತದ ನಿಮಿಷಕ್ಕೆ ಹೊಂದಿಸಿ ನೋಡೋದು ಸಾವಿನ ಪ್ರಕರಣದಲ್ಲಾದರೂ ಕಡ್ಡಾಯ ಆಗಬೇಕು. ಅದರಲ್ಲಿ ರೀಲ್ಸ್ ನೋಡಿದ್ದು ಸಿಗಲಿಕ್ಕಿಲ್ಲ, ಮಾತಾಡಿದ್ದಂತೂ ಸಿಗ್ತದೆ. ಲೆಕ್ಕಕ್ಕೇ ಸಿಗದ ಸಾವಿಗೆ ಸರ್ಕಾರ ಬಜೆಟ್ ಇಡ್ತದಾ?

ಇದು ನಮಗೆ ಇನ್ನೂ ದುಬಾರಿ. ತಲೆಗೆ ಜೋರು ಪೆಟ್ಟಾದರೆ ಇಲ್ಲಿಂದ ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ಹ್ಯಾಶ್‌ಟ್ಯಾಗ್ ಹಾಕಿದ್ದು ನೆನಪಿದ್ಯಲ್ಲ.

ಇನ್ನೊಂದು ಪ್ರಶ್ನೆ ಯಾರೂ ಕೇಳೋದಿಲ್ಲ: ಆ ಫೋನ್ ಮಾಡಿದ್ದು ಯಾರು? ನಮ್ಮ ದೊಡ್ಡಪ್ಪನ ಮಗ ಮೀನಿನ ಗಾಡಿ ಓಡಿಸ್ತಾನೆ. ದಾರಿಯುದ್ದಕ್ಕೂ ಧಣಿಯ ಫೋನು. 'ಎಲ್ಲಿಗೆ ಮುಟ್ಟಿದ್ಯೋ? ಐಸ್ ಕರಗ್ತದಲ್ಲೋ.' 'ಎತ್ತಬೇಡ ಮಾರಾಯಾ' ಅಂದೆ. 'ಎತ್ತದಿದ್ರೆ ನಾಳೆ ಗಾಡಿಗೆ ಬೇರೆ ಡ್ರೈವರ್ ಬರ್ತಾನೆ' ಅಂದ. ದಂಡ ಬಿದ್ದರೆ ಅವನ ಕಿಸೆಯಿಂದ, ಕೇಸಾದರೆ ಅವನ ಹೆಸರಲ್ಲಿ. ನಗರದಲ್ಲಿ ಊಟ ತಲುಪಿಸುವ ಹುಡುಗರದ್ದೂ ಇದೇ ಕಥೆ. ಅವರಿಗೆ ಧಣಿಯ ಜಾಗದಲ್ಲಿ ಆ್ಯಪ್ ಇದೆ, ಸೆಕೆಂಡುಗಳನ್ನು ಎಣಿಸ್ತಾ ಇರ್ತದೆ.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಅದೇ ಕಾಯ್ದೆಯ ಕಲಂ 188 ಹೇಳುವಂತೆ, 184ರ ಅಪರಾಧಕ್ಕೆ ದುಷ್ಪ್ರೇರಣೆ ಕೊಟ್ಟವರಿಗೂ ಅದೇ ಶಿಕ್ಷೆ. ಗಾಡಿ ಓಡ್ತಿದೆ ಅಂತ ಗೊತ್ತಿದ್ದೂ ಫೋನ್ ಎತ್ತಲೇಬೇಕು ಅನ್ನುವ ಮಾಲೀಕನಿಗೆ ಇದು ಯಾಕೆ ತಾಗಬಾರದು? ಈ ಕಲಮಿನಡಿ ಒಬ್ಬ ಮಾಲೀಕನ ಮೇಲೆ ಕೇಸಾದ ಸುದ್ದಿ ನಾನಂತೂ ನಮ್ಮ ಕಡೆ ಓದಿಲ್ಲ.

ಅಣ್ಣ ಈಗ ಹೊರಡುವ ಮೊದಲೇ ಧಣಿಗೆ ಲೈವ್ ಲೊಕೇಶನ್ ಕಳಿಸಿಡ್ತಾನೆ. ಗಾಡಿ ಎಲ್ಲಿದೆ ಅಂತ ಅವರಿಗೆ ಮೊಬೈಲಲ್ಲೇ ಕಾಣ್ತದೆ. ಆದರೂ ಹಟ್ಟಿಕೇರಿ ಟೋಲ್ ದಾಟುವಷ್ಟರಲ್ಲಿ ಒಂದು ಸಲ ಫೋನ್ ಬಂದೇ ಬರ್ತದಂತೆ.