ಆಟಿಸಂ ಮಕ್ಕಳು ಗಿರಗಿರ ಸುತ್ತುವುದೇಕೆ? ದೊಡ್ಡವರಾದಂತೆ ಈ ವರ್ತನೆ ಏನಾಗುತ್ತದೆ?

ಪುಣೆ: ಗಣೇಶ ವಿಸರ್ಜನೆಯ ದಿನ ಇಲ್ಲಿನ ಲಕ್ಷ್ಮಿ ರಸ್ತೆಯಲ್ಲಿ ಢೋಲ್-ತಾಶಾ ತಂಡಗಳು ಸಾಗುವಾಗ ಆ ಸದ್ದು ಕಿವಿಗಷ್ಟೇ ಅಲ್ಲ, ಎದೆಗೂ ಬಡಿಯುತ್ತದೆ. ಆಟಿಸಂ ಇರುವ ಹಲವು ಮಕ್ಕಳಿಗೆ ಇದು ಸಹಿಸಲಾಗದ ಹಿಂಸೆ. ಇನ್ನು ಕೆಲವರು ಢೋಲಿನ ಹತ್ತಿರಕ್ಕೇ ಹೋಗಿ ಅದರ ಮೇಲೆ ಅಂಗೈ ಇಡಲು ಹಾತೊರೆಯುತ್ತಾರೆ. ಅದೇ ಮಗು ಮನೆಯಲ್ಲಿ ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರಬಹುದು!

ಇದು ಹಠವಲ್ಲ. ಸುತ್ತಮುತ್ತಲಿನಿಂದ ಬರುವ ಸ್ಪರ್ಶ, ಸದ್ದು, ಚಲನೆಯ ಸಂದೇಶಗಳು ಕೆಲವು ಮಕ್ಕಳಿಗೆ ವಿಪರೀತ ಎನಿಸುತ್ತವೆ, ಕೆಲವರಿಗೆ ಸಾಕಾಗುವುದೇ ಇಲ್ಲ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಸಾಕಾಗದಿದ್ದಾಗ ದೇಹವೇ ಹೆಚ್ಚಿನ ಅನುಭವವನ್ನು ಹುಡುಕುತ್ತದೆ. ಇದನ್ನು ತಜ್ಞರು 'ಸೆನ್ಸರಿ ಸೀಕಿಂಗ್' ಎನ್ನುತ್ತಾರೆ. ಗಿರಗಿರ ಸುತ್ತುವುದು, ಸೋಫಾದಿಂದ ಜಿಗಿಯುವುದು, ಅಂಗಿಯ ಕಾಲರ್ ಕಚ್ಚುವುದು, ಎಲ್ಲವನ್ನೂ ಮೂಸುವುದು, ಜನರನ್ನು ಬಿಗಿಯಾಗಿ ಅಪ್ಪಿಕೊಳ್ಳುವುದು ಇದರ ರೂಪಗಳು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಇಂತಹ ವರ್ತನೆಯನ್ನು ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಸೇರಿಸಲಾಯಿತು.

ವಯಸ್ಸಾದಂತೆ ತಾನಾಗಿಯೇ ಹೋಗುತ್ತದೆಯೇ? ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂದ್ರಿಯ ಸಂಬಂಧಿ ಲಕ್ಷಣಗಳು 6ರಿಂದ 9 ವರ್ಷದ ನಡುವೆ ಹೆಚ್ಚು ಎದ್ದು ಕಾಣುತ್ತವೆ, ನಂತರ ಇಳಿಯುತ್ತವೆ. ಆದರೆ ಇದು ಸರಾಸರಿ ಲೆಕ್ಕ. ಬಹಳ ಮಂದಿಯಲ್ಲಿ ಹುಡುಕಾಟ ನಿಲ್ಲುವುದಿಲ್ಲ, ರೂಪ ಬದಲಿಸುತ್ತದೆ. ಸುತ್ತುತ್ತಿದ್ದ ಹುಡುಗ ಕಾಲು ಅಲ್ಲಾಡಿಸುತ್ತಾ ಕೂರುತ್ತಾನೆ, ಇಲ್ಲವೇ ಗಂಟೆಗಟ್ಟಲೆ ಸೈಕಲ್ ತುಳಿಯುತ್ತಾನೆ.

ನಿಜವಾದ ತೊಂದರೆ ಶುರುವಾಗುವುದು ಹದಿಹರೆಯದಲ್ಲಿ. 4 ವರ್ಷದ ಮಗು ಪಕ್ಕದ ಮನೆಯವರನ್ನು ಅಪ್ಪಿಕೊಂಡರೆ, ಬಸ್ಸಿನಲ್ಲಿ ಯಾರದೋ ಕೂದಲು ಮುಟ್ಟಿದರೆ ಜನ ನಗುತ್ತಾರೆ. 14ರ ಹುಡುಗ ಅದನ್ನೇ ಮಾಡಿದರೆ ಜಗಳವಾಗುತ್ತದೆ, ಪೊಲೀಸರ ತನಕವೂ ಹೋಗಬಹುದು. ಪಾರ್ಕಿನ ಉಯ್ಯಾಲೆಯಿಂದ ಕಾವಲುಗಾರ ಎಬ್ಬಿಸುತ್ತಾನೆ. ಬೇಡಿಕೆ ಹಳೆಯದೇ, ಆದರೆ ಹುಡುಗನ ಎತ್ತರ, ತೂಕ ಬದಲಾಗಿದೆ. ಅಪ್ಪುಗೆಯ ಬದಲು ಕೈ ಕುಲುಕುವುದು, ಮುಟ್ಟುವ ಮೊದಲು ಕೇಳುವುದು, ಇವನ್ನು 7-8ನೇ ವಯಸ್ಸಿನಿಂದಲೇ ಕಲಿಸುವುದು ಲೇಸು. ಎಲ್ಲರನ್ನೂ ಅಪ್ಪಿಕೊಳ್ಳುವ ಮಗುವನ್ನು ಕೆಟ್ಟವರು ದುರುಪಯೋಗ ಮಾಡಿಕೊಳ್ಳುವ ಅಪಾಯವೂ ಇದೆ.

'ಸುಮ್ಮನೆ ಕೂತ್ಕೋ' ಎಂದು ಗದರಿದರೆ ಪ್ರಯೋಜನ ಕಡಿಮೆ, ಒಂದು ದಾರಿ ಮುಚ್ಚಿದರೆ ದೇಹ ಇನ್ನೊಂದನ್ನು ಹುಡುಕುತ್ತದೆ. ಸ್ನಾಯುಗಳಿಗೆ ಭಾರ ಬೀಳುವ ಕೆಲಸ ಹಲವರನ್ನು ಶಾಂತಗೊಳಿಸುತ್ತದೆ: ಚಪಾತಿ ಹಿಟ್ಟು ನಾದುವುದು, ತರಕಾರಿ ಚೀಲ ಹೊರುವುದು, ಮೆಟ್ಟಿಲು ಹತ್ತುವುದು, ಈಜು. ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ ಎನ್ನುವ ಪುಣೆಯ ಕನ್ನಡಿಗರಿಗೊಂದು ಮಾತು: ಇದಕ್ಕಾಗಿ ಕನ್ನಡ ಬಿಡಬೇಕಿಲ್ಲ. 'ಬೇಕು', 'ಸಾಕು' ಎಂಬ ಪದಗಳ ಅರ್ಥವನ್ನು ಶಿಕ್ಷಕರಿಗೂ ಥೆರಪಿಸ್ಟ್‌ಗೂ ತಿಳಿಸಿದರಾಯಿತು.

ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ ರೂಪಿಸಿದ 'ಸೆನ್ಸರಿ ಇಂಟಿಗ್ರೇಷನ್' ಥೆರಪಿ ಈಗ ನಮ್ಮ ನಗರಗಳಲ್ಲೂ ಸಿಗುತ್ತದೆ. ಇದರ ಪರಿಣಾಮದ ಬಗ್ಗೆ ಪುರಾವೆ ಸೀಮಿತ, ಇದನ್ನು ಪೋಷಕರಿಗೆ ತಿಳಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತ್ತು. ಭಾರದ ಹೊದಿಕೆಯೂ ಅಷ್ಟೇ. 2014ರ ಪ್ರಯೋಗವೊಂದರಲ್ಲಿ ಮಕ್ಕಳು ಅದನ್ನು ಇಷ್ಟಪಟ್ಟರು, ಆದರೆ ನಿದ್ದೆ ಹೆಚ್ಚಲಿಲ್ಲ. ಸಾವಿರಾರು ರೂಪಾಯಿ ಸುರಿಯುವ ಮೊದಲು ಇದು ಗೊತ್ತಿರಲಿ. ತಲೆ ಬಡಿದುಕೊಳ್ಳುವ ವರ್ತನೆ ದಿಢೀರನೆ ಶುರುವಾದರೆ ಮಾತ್ರ ಕಾಯಬೇಡಿ, ಹಲ್ಲುನೋವು ಅಥವಾ ಕಿವಿನೋವಿರಬಹುದು, ವೈದ್ಯರಿಗೆ ತೋರಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಮಗುವಿಗೆ ಅಗತ್ಯವಿರುವ ಸೂಕ್ತ ಹೊಂದಾಣಿಕೆಯನ್ನು ಶಾಲೆ ಮಾಡಿಕೊಡಬೇಕು ಎನ್ನುತ್ತದೆ ಈ ಕಾಯ್ದೆ. ತರಗತಿಯ ನಡುವೆ ಎದ್ದು ಓಡಾಡಲು 5 ನಿಮಿಷ ಬಿಡುವು ಕೇಳುವಾಗ ಪೋಷಕರು ಇದನ್ನು ಉಲ್ಲೇಖಿಸಬಹುದು.

ಆಟಿಸಂ ಇರುವ ಅಮೆರಿಕದ ಪಶು ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಹದಿಹರೆಯದಲ್ಲಿ, ದನಗಳನ್ನು ಒತ್ತಿ ಹಿಡಿಯುವ ಕಟಕಟೆ ನೋಡಿ, ತನ್ನ ಮೈ ಒತ್ತುವ ಯಂತ್ರವೊಂದನ್ನು ತಾನೇ ಮಾಡಿಕೊಂಡಿದ್ದರು. ದಶಕಗಳ ಕಾಲ ಅದನ್ನು ಬಳಸಿದರು. 2010ರಲ್ಲಿ, 62ನೇ ವಯಸ್ಸಿನಲ್ಲಿ, ಆ ಯಂತ್ರ ಕೆಟ್ಟು ಎರಡು ವರ್ಷವಾಯಿತು, ರಿಪೇರಿ ಮಾಡಿಲ್ಲ, ಈಗ ಮನುಷ್ಯರನ್ನೇ ಅಪ್ಪಿಕೊಳ್ಳುತ್ತೇನೆ ಎಂದು ಅವರು ಹೇಳಿದ್ದರು.