ಹೆಸರು ಉಳಿಯುವುದು ಓದುವವರಿಂದ

ಸ್ಮಾರಕ ಅಂದ್ರೆ ನಮಗೆ ಮೊದಲು ನೆನಪಾಗುವುದು ಕಲ್ಲು, ಪ್ರತಿಮೆ. ಆದರೆ ಕೇರಳದಲ್ಲಿ ಇನ್ನೊಂದು ಒಳ್ಳೆಯ ರೂಢಿ ಉಂಟು. ಊರಿಗೆ ಬೇಕಾದವರು ತೀರಿಕೊಂಡರೆ ಅವರ ಹೆಸರಿನಲ್ಲಿ ಒಂದು ಗ್ರಂಥಾಲಯ ಮಾಡುವುದು. ಇದು ಎಲ್ಲಿಂದ ಬಂತು, ಇದರಲ್ಲಿ ನಮ್ಮ ಪಾಲು ಏನು ಎಂಬುದನ್ನು ನಮ್ಮ ಯುವಕ ಯುವತಿಯರು ತಿಳಿದಿರಬೇಕು.

ಪುಸ್ತಕಕ್ಕಿಂತ ಮೊದಲು ಅಕ್ಷರ. ನಮ್ಮ ಹಿರಿಯರಿಗೆ ಶಾಲೆಯ ಜಗಲಿ ಹತ್ತುವುದೇ ದೊಡ್ಡ ಹೋರಾಟವಾಗಿತ್ತು. ಆಗ ನಮ್ಮದೇ ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ ವಕೀಲರಾಗಿದ್ದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಬಗ್ಗದೆ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ತಾನು ಕಲಿಸಿದ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆ. 1928ರಲ್ಲಿ ಅವರು ತೀರಿಕೊಂಡರು. ಅವರು ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ.

ಅಕ್ಷರ ಕಲಿತವರಿಗೆ ಓದಲಿಕ್ಕೆ ಪುಸ್ತಕ ಬೇಡವೇ? ಆ ಕೆಲಸ ತೆಂಕಿನ ಕಡೆಯಿಂದ ಶುರುವಾಯಿತು. ಅಂಬಲಪ್ಪುಳದಲ್ಲಿ ಸಾಹಿತಿ ಪಿ.ಕೆ. ನಾರಾಯಣ ಪಿಳ್ಳೆಯವರ ನೆನಪಿಗೆ ಪಿ.ಕೆ. ಸ್ಮಾರಕ ಗ್ರಂಥಾಲಯ ಇತ್ತು. 1945ರಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಮಾಷ್ಟ್ರು 47 ಹಳ್ಳಿ ಗ್ರಂಥಾಲಯಗಳನ್ನು ಅಲ್ಲಿ ಒಟ್ಟು ಸೇರಿಸಿ ಗ್ರಂಥಶಾಲಾ ಸಂಘ ಕಟ್ಟಿದರು. ಒಬ್ಬರ ನೆನಪಿನ ಒಂದು ಗ್ರಂಥಾಲಯದಿಂದ ಇಡೀ ರಾಜ್ಯದ ಚಳವಳಿ ಹೊರಟಿತು. 1956 ನವೆಂಬರ್ 1ರಂದು ನಾವೂ ಕೇರಳಕ್ಕೆ ಸೇರಿದೆವು. ಸಂಘದ ಬೆಳ್ಳಿಹಬ್ಬದ ಹೊತ್ತಿಗೆ, 1970ರಲ್ಲಿ, 'ಓದಿ ಬೆಳೆಯಿರಿ' ಎಂದು ಕೂಗುತ್ತಾ ಪಾರಶಾಲೆಯಿಂದ ಹೊರಟ ಪಾದಯಾತ್ರೆ ಬಂದು ಮುಟ್ಟಿದ್ದು ನಮ್ಮ ಕಾಸರಗೋಡಿಗೆ. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಈಗ ಶಾಲೆಗಳಲ್ಲಿ ವಾಚನಾ ದಿನವಾಗಿ ಆಚರಿಸ್ತೇವೆ.

ಇನ್ನೊಂದು ಸಂಗತಿ ತುಂಬ ಜನರಿಗೆ ಗೊತ್ತಿಲ್ಲ. 1989ರ ಕೇರಳ ಗ್ರಂಥಾಲಯ ಕಾನೂನಿನಂತೆ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ 5 ಪೈಸೆ ಗ್ರಂಥಾಲಯ ಸೆಸ್ ಉಂಟು. ಪಂಚಾಯತಿನಲ್ಲಿ ನಾವು ಕಟ್ಟುವ ತೆರಿಗೆಯಲ್ಲಿ ಅದೂ ಸೇರಿದೆ. ಹಾಗಾಗಿ ಗ್ರಂಥಾಲಯದೊಳಗೆ ಹೋಗಿ ಕೂತುಕೊಳ್ಳುವುದು ಯಾರ ಉಪಕಾರವೂ ಅಲ್ಲ, ನಮ್ಮ ಹಕ್ಕು.

ಇನ್ನು ನಮ್ಮೂರಿನ ಮಾತು. ಬದಿಯಡ್ಕದಲ್ಲಿ ನೆನಪು, ಪುಸ್ತಕ ಅಂದಾಗ ಮೊದಲು ಬರುವ ಹೆಸರು ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈ. 1915ರಲ್ಲಿ ಹುಟ್ಟಿ 2015ರವರೆಗೆ ನೂರು ವರ್ಷ ಬಾಳಿದವರು. ನವಜೀವನ ಹೈಸ್ಕೂಲಿನ ಮಾಷ್ಟ್ರು, ಕೃಷಿಕರು, ಕನ್ನಡದ ಹೋರಾಟಗಾರರು. ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟ ಕೊರಗರ ಹೆಸರನ್ನೇ ಅವರು ತಮ್ಮ ಒಂದು ಕವನ ಸಂಕಲನಕ್ಕೆ ಇಟ್ಟರು. ಅಂಥವರನ್ನು ನೆನೆಯುವುದೆಂದರೆ ಫೋಟೋಕ್ಕೆ ಹಾರ ಹಾಕುವುದು ಮಾತ್ರವೇ? ಆ ಸಂಕಲನವನ್ನು ಕಾಲನಿಯ ಒಂದು ಮಗು ಕೈಯಲ್ಲಿ ಹಿಡಿದು ಓದಿದರೆ ಅದೇ ನಿಜವಾದ ಸ್ಮಾರಕ.

ಈಗ ಗ್ರಂಥಾಲಯಕ್ಕೆ ಹೋಗ್ಲಿಕ್ಕೆ ನಮ್ಮನ್ನು ಯಾರೂ ತಡೆಯುವುದಿಲ್ಲ. ಮೊಬೈಲು ತಡೀತದೆ, ಉದಾಸೀನ ತಡೀತದೆ. ಓದುವವರು ಇಲ್ಲದಿದ್ದರೆ ಗ್ರಂಥಾಲಯದ ದರ್ಜೆ ಇಳೀತದೆ, ಅನುದಾನ ಕಡಿಮೆಯಾಗ್ತದೆ, ಕೊನೆಗೆ ಬೀಗ ಬೀಳ್ತದೆ. ಕನ್ನಡ ಪುಸ್ತಕ ಕೇಳುವವರು ಇಲ್ಲದಿದ್ದರೆ ಕಪಾಟಿನಲ್ಲಿ ಕನ್ನಡವೂ ಇರುವುದಿಲ್ಲ.

ಹಾಗಾಗಿ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈ ವಾರ್ಷಿಕೋತ್ಸವದ ನೆನಪಿಗೆ ಒಂದು ಕೆಲಸ ಮಾಡುವ. ಮನೆಗೊಬ್ಬರಾದರೂ ಹತ್ತಿರದ ಗ್ರಂಥಾಲಯದ ಸದಸ್ಯರಾಗುವ. ಅಂಬೇಡ್ಕರರ ಪುಸ್ತಕ ಕನ್ನಡದಲ್ಲಿ ಇಲ್ಲದಿದ್ದರೆ ಕೇಳಿ ತರಿಸುವ. ಹೋಗುವಾಗ ಮಕ್ಕಳನ್ನೂ ಕರ್ಕೊಂಡು ಹೋಗುವ. ಬೋರ್ಡಿನಲ್ಲಿ ಬರೆದ ಹೆಸರು ಮಳೆಗೆ ಮಾಸಬಹುದು. ಓದಿದವರ ಬಾಯಲ್ಲಿ ಇರುವ ಹೆಸರು ಮಾಸುವುದಿಲ್ಲ.

ಜೈ ಭೀಮ್.