ಕೇಮನ್ ದ್ವೀಪಗಳಲ್ಲಿ ಕಾಯಂ ವಾಸ: ಏಳನೆಯ ಮತ್ತು ಎಂಟನೆಯ ವರ್ಷದ ನಡುವೆ

ಬ್ರಿಟನ್ನಿನ ಸಾಗರೋತ್ತರ ಪ್ರದೇಶವಾದ ಕೇಮನ್ ದ್ವೀಪಗಳಲ್ಲಿ ಆದಾಯ ತೆರಿಗೆ ಇಲ್ಲ, ವಾರ್ಷಿಕ ಆಸ್ತಿ ತೆರಿಗೆಯೂ ಇಲ್ಲ. ವಿದೇಶಿಯರು ಮನೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಮನೆ ಕೊಂಡ ಮಾತ್ರಕ್ಕೆ ಅಲ್ಲಿ ಉಳಿಯುವ ಹಕ್ಕು ಬರುವುದಿಲ್ಲ. ದುಡಿಯಲು ಬಂದವರ ಮಟ್ಟಿಗೆ ಆ ಹಕ್ಕು ನಿಂತಿರುವುದು ವರ್ಷಗಳ ಲೆಕ್ಕದ ಮೇಲೆ.

2003ರಲ್ಲಿ ಅಲ್ಲಿನ ಸಚಿವ ಸಂಪುಟ ಮೂರು ಸಾವಿರದ ಹತ್ತಿರ ಜನರಿಗೆ ಒಮ್ಮೆಗೇ ‘ಕೇಮೇನಿಯನ್’ ಸ್ಥಾನಮಾನ, ಅಂದರೆ ಸ್ಥಳೀಯರೆಂಬ ಮಾನ್ಯತೆ, ಕೊಟ್ಟು ದೊಡ್ಡ ವಿವಾದಕ್ಕೆ ಕಾರಣವಾಯಿತು. 2004ರ ಜನವರಿಯಲ್ಲಿ ಹೊಸ ವಲಸೆ ಕಾಯ್ದೆ ಜಾರಿಗೆ ಬಂತು. ವರ್ಕ್ ಪರ್ಮಿಟ್ ಮೇಲೆ ಬಂದವರಿಗೆ ಅದು ಹಾಕಿದ ಮಿತಿ 7 ವರ್ಷ; ಕಾಯಂ ವಾಸಕ್ಕೆ ಅರ್ಜಿ ಹಾಕಲು ಬೇಕಾದದ್ದು 8 ವರ್ಷ. ಇಡೀ ಕಾಯ್ದೆಯ ತಿರುಳು ಈ ಒಂದು ವರ್ಷದ ಅಂತರದಲ್ಲಿದೆ. ಮಿತಿ ಮುಗಿದವರು ದ್ವೀಪ ಬಿಡಬೇಕು. ಜನ ಇದನ್ನು ‘ರೋಲ್‌ಓವರ್’ ಎಂದರು. ‘ಪ್ರಮುಖ ನೌಕರ’ ಎಂದು ಮಾನ್ಯತೆ ಪಡೆದವರಿಗಷ್ಟೇ 9 ವರ್ಷದವರೆಗೆ ಅವಕಾಶವಿತ್ತು. ಆ ಮಾನ್ಯತೆಗೆ ಅರ್ಜಿ ಹೋಗಬೇಕಾದದ್ದು ಮಾಲೀಕರಿಂದ. ಹೀಗಾಗಿ ಮನೆಗೆಲಸದವರಿಗೂ ಕಟ್ಟಡ ಕಾರ್ಮಿಕರಿಗೂ ಎಂಟನೆಯ ವರ್ಷ ಬಹುಮಟ್ಟಿಗೆ ಬರುತ್ತಲೇ ಇರಲಿಲ್ಲ. ಅನ್ಯಾಯದ ಬೇರು ಇಲ್ಲಿತ್ತು ಎಂಬುದು ನನ್ನ ಅಭಿಪ್ರಾಯ.

2013ರ ತಿದ್ದುಪಡಿ ಮಿತಿಯನ್ನು ಎಲ್ಲರಿಗೂ 9 ವರ್ಷಕ್ಕೆ ಏರಿಸಿತು. ಅರ್ಜಿಯ ಬಾಗಿಲೇನೋ ತೆರೆಯಿತು, ಆದರೆ ಒಳಗೆ ಹೋಗಲು 215ರಲ್ಲಿ 110 ಅಂಕ ಬೇಕು. ಉದ್ಯೋಗ, ವಿದ್ಯೆ, ಹಣಕಾಸು, ಸ್ಥಳೀಯ ಹೂಡಿಕೆ, ಸಮಾಜಸೇವೆ, ದ್ವೀಪದ ಚರಿತ್ರೆ ಮತ್ತು ಸಂಸ್ಕೃತಿಯ ಪರೀಕ್ಷೆ, ಹೀಗೆ ಅಂಕಗಳು ಹಂಚಿಹೋಗಿದ್ದವು. ಸಂಬಳದ ಬಹುಪಾಲನ್ನು ಊರಿಗೆ ಕಳಿಸುವವರ ಹೆಸರಿನಲ್ಲಿ ಅಲ್ಲಿ ಆಸ್ತಿ ಎಲ್ಲಿಂದ ಬರಬೇಕು? ಶ್ರೀಮಂತರ ದಾರಿ ಬೇರೆಯೇ ಆಗಿತ್ತು: ನಂತರದ ನಿಯಮಾವಳಿಯಂತೆ 20 ಲಕ್ಷ ಕೇಮನ್ ಡಾಲರ್, ಅಂದರೆ ಸುಮಾರು 24 ಲಕ್ಷ ಅಮೆರಿಕನ್ ಡಾಲರ್, ಕಟ್ಟಡಗಳಲ್ಲಿ ಹೂಡಿದವರು ವರ್ಷಗಳನ್ನು ಎಣಿಸಬೇಕಿರಲಿಲ್ಲ.

ಕಾಯಂ ವಾಸವೂ ಕೊನೆಯ ಮೆಟ್ಟಿಲಲ್ಲ. ದುಡಿಯುವ ಕಾಯಂ ವಾಸಿ ವರ್ಕ್ ಪರ್ಮಿಟ್‌ಗೆ ಸಮನಾದ ಶುಲ್ಕವನ್ನು ವರ್ಷವರ್ಷವೂ ಕಟ್ಟಬೇಕು; ಮತದಾನಕ್ಕೆ ಕೇಮೇನಿಯನ್ ಸ್ಥಾನಮಾನವೇ ಬೇಕು. 2015ರಲ್ಲಿ ಮುಖ್ಯ ನ್ಯಾಯಮೂರ್ತಿ ಆಂಥೊನಿ ಸ್ಮೆಲ್ಲಿ ಅಂಕ ನೀಡುವ ಕ್ರಮವನ್ನು ತೀರ್ಪೊಂದರಲ್ಲಿ ಕಟುವಾಗಿ ಟೀಕಿಸಿದರು. ಆಮೇಲೆ ನೂರಾರು ಅರ್ಜಿಗಳು 2017ರವರೆಗೂ ವಿಲೇವಾರಿಯಾಗದೆ ಉಳಿದವು.